ವಿಂಡೋಸ್ 11ಕ್ಕೆ ಏರಿಸಿದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಧ್ವನಿ ಬಾರದಿದ್ದರೆ: ದೋಷ ಹುಡುಕುವ ಕ್ರಮ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಆ ದಿನದ ಹಿಂದೆ ಮುಂದೆ ವಿಂಡೋಸ್ 11ಕ್ಕೆ ಏರಿಸಿದ ಲ್ಯಾಪ್‌ಟಾಪ್‌ಗಳನ್ನು ತುಮಕೂರಿನ ರಿಪೇರಿ ಅಂಗಡಿಗಳಿಗೆ ತರುವವರು ಹೇಳುವ ದೂರುಗಳಲ್ಲಿ ಒಂದು, "ಎಲ್ಲಾ ಸರಿಯಾಗಿದೆ, ಸೌಂಡ್ ಮಾತ್ರ ಬರ್ತಿಲ್ಲ" ಎಂಬುದು. ಅದಕ್ಕೆ ಹಲವು ಕಡೆ ಸಿಗುವ ಉತ್ತರ "ಫಾರ್ಮ್ಯಾಟ್ ಮಾಡ್ಬೇಕು" ಎಂದು. ಇದೇ ಕೆಲಸದಲ್ಲಿರುವ ನನಗೆ ಆ ಉತ್ತರ ಒಪ್ಪಿಗೆಯಿಲ್ಲ. ಧ್ವನಿ ಎಲ್ಲಿ ನಿಂತಿದೆ ಎಂದು ನೋಡದೆಯೇ ಡಿಸ್ಕ್ ಅಳಿಸಿದರೆ ವಿದ್ಯಾರ್ಥಿಯ ಪ್ರಾಜೆಕ್ಟು, ಮನೆಯವರ ಫೋಟೋ, ಲೆಕ್ಕಪತ್ರದ ಕಡತ ಎಲ್ಲಕ್ಕೂ ಅಪಾಯ. ಇಷ್ಟಾದ ಮೇಲೂ, ಹೊಸದಾಗಿ ಹಾಕಿದ ವಿಂಡೋಸ್‌ಗೆ ಬೇಕಾಗುವುದು ಅದೇ ಡ್ರೈವರ್ (ಯಂತ್ರದ ಒಂದು ಭಾಗವನ್ನು ನಡೆಸಲು ವಿಂಡೋಸ್‌ಗೆ ನೆರವಾಗುವ ತಂತ್ರಾಂಶ) ಆದ್ದರಿಂದ, ಧ್ವನಿ ಮರಳಿ ಬರುತ್ತದೆ ಎಂಬ ಖಾತರಿಯೂ ಇರುವುದಿಲ್ಲ.

ಆದ್ದರಿಂದ ದೋಷ ಯಾವ ಹಂತದಲ್ಲಿದೆ ಎಂದು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಆ ಹಂತಕ್ಕೆ ಮಾತ್ರ ಕೈ ಹಾಕುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಮೆನುಗಳ ಹೆಸರನ್ನು ತೆರೆಯ ಮೇಲೆ ಕಾಣುವಂತೆಯೇ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ.

ಧ್ವನಿ ಸಾಗುವ ಹಾದಿ

ನೀವು ಒಂದು ಹಾಡನ್ನು ಒತ್ತಿದಾಗ ಅದರ ಧ್ವನಿ ಮೊದಲು ಆ ಆ್ಯಪ್‌ನಿಂದ ವಿಂಡೋಸ್ ಆಡಿಯೋ ಎಂಬ ಸರ್ವಿಸ್‌ಗೆ, ಅಂದರೆ ಹಿನ್ನೆಲೆಯಲ್ಲಿ ಓಡುತ್ತಿರುವ ತಂತ್ರಾಂಶಕ್ಕೆ, ಹೋಗುತ್ತದೆ. ಅಲ್ಲಿ ಬೇರೆ ಬೇರೆ ಆ್ಯಪ್‌ಗಳ ಧ್ವನಿಗಳು ಒಂದಾಗಿ, ಆಯ್ಕೆಯಾಗಿರುವ ಔಟ್‌ಪುಟ್ ಸಾಧನದ ಡ್ರೈವರ್‌ಗೆ ಸಾಗುತ್ತವೆ. ಡ್ರೈವರ್ ಅದನ್ನು ಇಂಟೆಲ್ ಅಥವಾ ಎಎಂಡಿ ಚಿಪ್‌ನೊಳಗಿನ ಆಡಿಯೋ ಕಂಟ್ರೋಲರ್‌ಗೆ ಕೊಡುತ್ತದೆ. ಕಂಟ್ರೋಲರ್ ಅದನ್ನು ಮದರ್‌ಬೋರ್ಡ್‌ನ ಮೇಲೆ ಪ್ರತ್ಯೇಕವಾಗಿರುವ ಕೋಡೆಕ್ ಎಂಬ ಚಿಪ್‌ಗೆ ಕಳಿಸುತ್ತದೆ. ನಮ್ಮಲ್ಲಿಗೆ ಬರುವ ಬಹುಪಾಲು ಯಂತ್ರಗಳಲ್ಲಿ ಈ ಕೋಡೆಕ್ ರಿಯಲ್‌ಟೆಕ್ ಕಂಪನಿಯದು. ಕೋಡೆಕ್ ಅಂಕಿಗಳನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ, ಆಂಪ್ಲಿಫೈಯರ್ ಅದಕ್ಕೆ ಬಲ ಕೊಡುತ್ತದೆ, ಕೊನೆಗೆ ಸ್ಪೀಕರ್ ಅಥವಾ ಇಯರ್‌ಫೋನ್ ಸದ್ದು ಮಾಡುತ್ತದೆ.

ತಿಪಟೂರು ಕಡೆಯ ತೆಂಗಿನ ತೋಟದಲ್ಲಿ ಗಿಡದ ಬುಡಕ್ಕೆ ನೀರು ಬರದಿದ್ದರೆ ಯಾರೂ ಹೊಸ ಬೋರ್ ಕೊರೆಸಲು ಹೊರಡುವುದಿಲ್ಲ. ಮೋಟಾರು ಓಡುತ್ತಿದೆಯೇ, ಗೇಟ್‌ವಾಲ್ವ್ ತೆರೆದಿದೆಯೇ, ಡ್ರಿಪ್ ಪೈಪಿನ ತೂತು ಕಟ್ಟಿಕೊಂಡಿದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಇಲ್ಲಿಯೂ ನೋಡಬೇಕಾದ ಬಗೆ ಅದೇ.

ಕಾರ್ಯಾಚರಣಾ ವ್ಯವಸ್ಥೆಯನ್ನು ಏರಿಸುವಾಗ ಈ ಹಾದಿಯಲ್ಲಿ ಏರುಪೇರಾಗುವುದು ಮುಖ್ಯವಾಗಿ ನಡುವಿನ ಭಾಗ. ಹಳೆಯ ಡ್ರೈವರ್ ಹೊಂದುತ್ತದೆ ಎನಿಸಿದರೆ ವಿಂಡೋಸ್ ಅದನ್ನು ಉಳಿಸಿಕೊಳ್ಳುತ್ತದೆ, ಹೊಂದದು ಎನಿಸಿದರೆ ತನ್ನದೇ ಸಾಮಾನ್ಯ ಡ್ರೈವರ್ ಹಾಕುತ್ತದೆ, ಔಟ್‌ಪುಟ್ ಸಾಧನಗಳನ್ನು ಹೊಸದಾಗಿ ಎಣಿಸುವಾಗ ಬೇರೊಂದನ್ನು ಮುಖ್ಯ ಸಾಧನವಾಗಿ ಆರಿಸಿಕೊಳ್ಳುವುದೂ ಉಂಟು. ಸ್ಪೀಕರ್ ಸ್ವತಃ ಅಪ್‌ಗ್ರೇಡ್‌ನಿಂದ ಕೆಡುವುದಿಲ್ಲ. ನಿನ್ನೆ ಕೇಳುತ್ತಿದ್ದ ಧ್ವನಿ ಅಪ್‌ಗ್ರೇಡ್ ಆದೊಡನೆ ನಿಂತಿದ್ದರೆ ಸ್ಪೀಕರ್ ಬದಲಿಸಲು ಯಾರಾದರೂ ಹೇಳಿದರೂ ಈ ಪರೀಕ್ಷೆಗಳೆಲ್ಲ ಮುಗಿಯುವ ತನಕ ಒಪ್ಪಬೇಡಿ.

ಮೊದಲು ಮಾಡಬೇಕಾದ ಸಣ್ಣ ಕೆಲಸಗಳು

ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಶಟ್ ಡೌನ್ ಮಾಡಿ ಮತ್ತೆ ಆನ್ ಮಾಡುವುದು ಇದಕ್ಕೆ ಸಮನಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಚಾಲೂ ಇರುವ ಯಂತ್ರದಲ್ಲಿ ಶಟ್ ಡೌನ್ ಒತ್ತಿದಾಗ ವಿಂಡೋಸ್ ತನ್ನ ಒಳಭಾಗವನ್ನೂ ಡ್ರೈವರ್‌ಗಳ ಸ್ಥಿತಿಯನ್ನೂ ಡಿಸ್ಕ್‌ಗೆ ಬರೆದಿಟ್ಟು, ಮರುದಿನ ಅದೇ ಸ್ಥಿತಿಯನ್ನು ಮತ್ತೆ ಎಬ್ಬಿಸುತ್ತದೆ. ಕೆಟ್ಟ ಸ್ಥಿತಿ ಇದ್ದರೆ ಅದೂ ಹಾಗೆಯೇ ಎದ್ದು ಬರುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. "ರಾತ್ರಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದೆ, ಆದರೂ ಬರಲಿಲ್ಲ" ಎನ್ನುವವರಿಗೆ ಈ ವ್ಯತ್ಯಾಸವನ್ನು ನಾನು ಮೊದಲು ತಿಳಿಸುತ್ತೇನೆ.

ಕೀಬೋರ್ಡ್‌ನ ಮೇಲಿನ ಸಾಲಿನಲ್ಲಿರುವ ಮ್ಯೂಟ್ ಕೀಲಿಯ ಪುಟ್ಟ ದೀಪ ಉರಿಯುತ್ತಿದೆಯೇ ನೋಡಿ. ಇಯರ್‌ಫೋನ್ ತೂತಿಗೆ ಪ್ಲಗ್ ಹಾಕಿ ತೆಗೆಯುವುದನ್ನು ಎರಡು ಮೂರು ಸಲ ಮಾಡಿ. ಒಳಗಿನ ಸ್ಪರ್ಶ ಸ್ವಿಚ್ ಅಂಟಿಕೊಂಡಿದ್ದರೆ ಇಯರ್‌ಫೋನ್ ಇನ್ನೂ ಇದೆ ಎಂದೇ ಯಂತ್ರ ಭಾವಿಸಿ ಸ್ಪೀಕರನ್ನು ಬಂದ್ ಮಾಡಿರುತ್ತದೆ. ಬ್ಲೂಟೂತ್ ಇಯರ್‌ಬಡ್ ಹತ್ತಿರದಲ್ಲಿ ಜೋಡಣೆಯಾಗಿದ್ದರೆ ಬ್ಲೂಟೂತ್ ಆಫ್ ಮಾಡಿ ನೋಡಿ.

ಹಸಿರು ಪಟ್ಟಿಯ ಪರೀಕ್ಷೆ

ಈ ಇಡೀ ಬರಹದಲ್ಲಿ ಒಂದನ್ನಷ್ಟೇ ನೆನಪಿಡುವುದಾದರೆ ಈ ಪರೀಕ್ಷೆಯನ್ನು ನೆನಪಿಡಿ. ಯಾವುದಾದರೂ ಹಾಡನ್ನು ಹಾಕಿ, ಹಾಡು ಓಡುತ್ತಿರಲಿ. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ಸೌಂಡ್ ಆರಿಸಿ, ಪುಟದ ಕೆಳತುದಿಗೆ ಇಳಿದು ಮೋರ್ ಸೌಂಡ್ ಸೆಟ್ಟಿಂಗ್ಸ್ ಒತ್ತಿ. ಹಳೆಯ ಕಾಲದ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಅದರ ಪ್ಲೇಬ್ಯಾಕ್ ಭಾಗದಲ್ಲಿ ನಿಮ್ಮ ಯಂತ್ರದ ಔಟ್‌ಪುಟ್ ಸಾಧನಗಳ ಪಟ್ಟಿ ಇದ್ದು, ಪ್ರತಿಯೊಂದರ ಬಲಬದಿಗೆ ಲಂಬವಾಗಿ ಚಿಕ್ಕ ಪಟ್ಟಿಗಳಿರುತ್ತವೆ. ಧ್ವನಿ ಯಾವ ಸಾಧನಕ್ಕೆ ಹೋಗುತ್ತಿದೆಯೋ ಅದರ ಪಟ್ಟಿ ಹಾಡಿನ ಏರಿಳಿತಕ್ಕೆ ತಕ್ಕಂತೆ ಹಸಿರಾಗಿ ಏಳುತ್ತಾ ಬೀಳುತ್ತಾ ಇರುತ್ತದೆ.

ಇಲ್ಲಿ ಮೂರರಲ್ಲಿ ಒಂದು ಸ್ಥಿತಿ ಕಾಣುತ್ತದೆ. ಸಾಧನ ಪಟ್ಟಿಯಲ್ಲಿದ್ದು ಹಸಿರು ಏಳದೇ ಇದ್ದರೆ ಧ್ವನಿ ವಿಂಡೋಸ್‌ನೊಳಗೇ, ಆ್ಯಪ್ ಅಥವಾ ಸರ್ವಿಸ್ ಹಂತದಲ್ಲಿ ನಿಂತಿದೆ. ಹಸಿರು ಏಳುತ್ತಿದ್ದು ಕಿವಿಗೆ ಏನೂ ಕೇಳದಿದ್ದರೆ ವಿಂಡೋಸ್ ತನ್ನ ಪಾಲಿನ ಕೆಲಸ ಮಾಡುತ್ತಿದೆ, ಧ್ವನಿ ಬೇರೆ ಸಾಧನಕ್ಕೆ ಹೋಗುತ್ತಿದೆ ಅಥವಾ ಡ್ರೈವರ್‌ನಿಂದಾಚೆ ಸಿಕ್ಕಿಕೊಂಡಿದೆ. ಸ್ಪೀಕರ್ ಎಂಬ ಸಾಧನವೇ ಪಟ್ಟಿಯಲ್ಲಿ ಇಲ್ಲದಿದ್ದರೆ, ಅಥವಾ ಟಾಸ್ಕ್‌ಬಾರ್‌ನ ಸ್ಪೀಕರ್ ಚಿಹ್ನೆಯ ಬಳಿ ಸಾಧನ ಸಿಗಲಿಲ್ಲ ಎಂಬ ಅರ್ಥದ ಸಂದೇಶ ಬಂದರೆ, ಡ್ರೈವರ್ ಇಲ್ಲ ಅಥವಾ ಯಂತ್ರಾಂಶ ಉತ್ತರಿಸುತ್ತಿಲ್ಲ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಡುವುದರಿಂದಲೇ ಸಣ್ಣ ದೋಷ ದೊಡ್ಡದಾಗುತ್ತದೆ.

ಪಟ್ಟಿ ಏಳುತ್ತಿಲ್ಲ

ಇದು ಮೂರರಲ್ಲಿ ಸುಲಭದ್ದು. ಸೌಂಡ್ ಪುಟದಲ್ಲಿರುವ ವಾಲ್ಯೂಮ್ ಮಿಕ್ಸರ್ ತೆರೆದರೆ ಪ್ರತಿ ಆ್ಯಪ್‌ಗೂ ಪ್ರತ್ಯೇಕ ಮಟ್ಟ ಕಾಣುತ್ತದೆ. ಬ್ರೌಸರ್ ಮಾತ್ರ ಸೊನ್ನೆಯಲ್ಲಿರುವುದು ಅಪರೂಪವೇನಲ್ಲ. ಅದೇ ಪುಟದ ಕೆಳಗಿನ ರೀಸೆಟ್ ಒತ್ತಿದರೆ ಎಲ್ಲ ಆ್ಯಪ್‌ಗಳ ಮಟ್ಟವೂ ಸಾಧನದ ಆಯ್ಕೆಯೂ ಮೂಲ ಸ್ಥಿತಿಗೆ ಬರುತ್ತವೆ. ಅದರಿಂದಲೂ ಆಗದಿದ್ದರೆ ಸ್ಟಾರ್ಟ್ ಹುಡುಕಾಟದಲ್ಲಿ ಸರ್ವಿಸಸ್ ಎಂದು ಹುಡುಕಿ ತೆರೆದು, ವಿಂಡೋಸ್ ಆಡಿಯೋ ಮತ್ತು ವಿಂಡೋಸ್ ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್ ಎಂಬ ಎರಡು ಸರ್ವಿಸ್‌ಗಳು ರನ್ನಿಂಗ್ ಎಂದೂ, ಸ್ಟಾರ್ಟಪ್ ಬಗೆ ಆಟೋಮ್ಯಾಟಿಕ್ ಎಂದೂ ಇವೆಯೇ ನೋಡಿ. ಮೊದಲನೆಯದು ಎರಡನೆಯದನ್ನು ಅವಲಂಬಿಸಿದೆ; ಆದ್ದರಿಂದ ಎಂಡ್‌ಪಾಯಿಂಟ್ ಬಿಲ್ಡರ್ ಅನ್ನು ಮೊದಲು ರೀಸ್ಟಾರ್ಟ್ ಮಾಡಬೇಕು. "ಕಂಪ್ಯೂಟರ್ ವೇಗ ಹೆಚ್ಚಿಸುತ್ತೇವೆ" ಎನ್ನುವ ತಂತ್ರಾಂಶಗಳು ಈ ಸರ್ವಿಸ್‌ಗಳನ್ನು ಬಂದ್ ಮಾಡಿಟ್ಟಿರುವುದುಂಟು. ಅಂಥ ತಂತ್ರಾಂಶ ಇದ್ದರೆ ತೆಗೆದುಹಾಕಿ.

ಪಟ್ಟಿ ಏಳುತ್ತದೆ, ಧ್ವನಿ ಇಲ್ಲ

ಹಸಿರು ಏಳುತ್ತಿರುವುದು ಯಾವ ಹೆಸರಿನ ಎದುರು ಎಂದು ಎಚ್ಚರಿಕೆಯಿಂದ ಓದಿ. ಇಂಟೆಲ್ ಡಿಸ್‌ಪ್ಲೇ ಆಡಿಯೋ, ಎಎಂಡಿ ಹೈ ಡೆಫಿನಿಷನ್ ಆಡಿಯೋ ಡಿವೈಸ್, ಎನ್‌ವಿಡಿಯಾ ಹೈ ಡೆಫಿನಿಷನ್ ಆಡಿಯೋ ಎಂಬಂಥ ಹೆಸರಿದ್ದರೆ ಅದು ಎಚ್‌ಡಿಎಂಐ ತಂತಿಯ ಮೂಲಕ ಟಿವಿ ಅಥವಾ ಪ್ರೊಜೆಕ್ಟರ್‌ಗೆ ಹೋಗುವ ಧ್ವನಿ. ಲ್ಯಾಪ್‌ಟಾಪ್‌ನ ಸ್ಪೀಕರ್‌ಗೂ ಅದಕ್ಕೂ ಸಂಬಂಧವಿಲ್ಲ. ಕಾಲೇಜುಗಳ ಸೆಮಿನಾರ್ ಹಾಲ್‌ಗಳಲ್ಲಿ ಈ ತೊಡಕು ಹೆಚ್ಚು. ಅಲ್ಲಿನ ಹಳೆಯ ಪ್ರೊಜೆಕ್ಟರ್‌ಗೆ ವಿಜಿಎ ತಂತಿ, ಹೊಸ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಮಾತ್ರ. ನಡುವೆ ಒಂದು ಕನ್ವರ್ಟರ್ ಹಾಕುತ್ತಾರೆ. ವಿಜಿಎ ತಂತಿ ಚಿತ್ರವನ್ನು ಮಾತ್ರ ಒಯ್ಯುತ್ತದೆ, ಧ್ವನಿಯನ್ನು ಒಯ್ಯುವುದಿಲ್ಲ. ಆದರೆ ಕನ್ವರ್ಟರ್ ತಾನು ಎಚ್‌ಡಿಎಂಐ ಆಡಿಯೋ ಸಾಧನ ಎಂದು ವಿಂಡೋಸ್‌ಗೆ ಹೇಳಿದರೆ ಧ್ವನಿಯೆಲ್ಲ ಅತ್ತ ಹೋಗಿ ಅಲ್ಲೇ ಕಳೆದುಹೋಗುತ್ತದೆ. ಪ್ಲೇಬ್ಯಾಕ್ ಪಟ್ಟಿಯಲ್ಲಿ ಸ್ಪೀಕರ್ ಹೆಸರನ್ನು ಆರಿಸಿ ಸೆಟ್ ಡಿಫಾಲ್ಟ್ ಒತ್ತಿದರೆ ಸಾಕು. ಕನ್ವರ್ಟರ್‌ನ ಪಕ್ಕದಲ್ಲಿ ಇಯರ್‌ಫೋನ್ ತೂತು ಇದ್ದರೆ, ಧ್ವನಿಯನ್ನು ಅಲ್ಲಿಂದ ಹಾಲ್‌ನ ಆಂಪ್ಲಿಫೈಯರ್‌ಗೆ ಎಳೆಯಲೂಬಹುದು.

ಹೆಸರು ಸ್ಪೀಕರ್‌ನದೇ ಆಗಿದ್ದು ಹಸಿರೂ ಏಳುತ್ತಿದ್ದರೆ ಇಯರ್‌ಫೋನ್ ಹಾಕಿ ಕೇಳಿ. ಮಧುಗಿರಿ ಕಡೆಯ ಒಬ್ಬ ಮೇಷ್ಟ್ರು ತಂದ ಲ್ಯಾಪ್‌ಟಾಪ್‌ನ ಸ್ಥಿತಿ ಇದೇ ಆಗಿತ್ತು. "ಇಯರ್‌ಫೋನ್ ಹಾಕಿದ್ರೆ ಚೆನ್ನಾಗಿ ಕೇಳ್ಸುತ್ತೆ ಕಣಪ್ಪ, ತೆಗೆದ್ರೆ ಏನೂ ಇಲ್ಲ" ಎಂದರು. ಬೇರೆ ಕಡೆ ತೋರಿಸಿದ್ದಾಗ ಸ್ಪೀಕರ್ ಸುಟ್ಟಿದೆ ಎಂದಿದ್ದರಂತೆ. ಯಂತ್ರದ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದಾಗ ಸೌಂಡ್, ವಿಡಿಯೋ ಆ್ಯಂಡ್ ಗೇಮ್ ಕಂಟ್ರೋಲರ್ಸ್ ಎಂಬ ವಿಭಾಗದಲ್ಲಿ ತಯಾರಕರ ಹೆಸರಿಲ್ಲದೆ ಬರೀ ಹೈ ಡೆಫಿನಿಷನ್ ಆಡಿಯೋ ಡಿವೈಸ್ ಎಂದಿತ್ತು. ಇದು ಮೈಕ್ರೋಸಾಫ್ಟ್‌ನ ಸಾಮಾನ್ಯ ಡ್ರೈವರ್. ಕೋಡೆಕ್ ಅನ್ನು ನಡೆಸಲು ಇದಕ್ಕೆ ಬರುತ್ತದೆ, ಆದ್ದರಿಂದ ಇಯರ್‌ಫೋನ್ ಕೇಳುತ್ತದೆ. ಆದರೆ ಈಚಿನ ಹಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಕರ್‌ಗೆ ಬಲ ಕೊಡುವ ಆಂಪ್ಲಿಫೈಯರ್ ಒಂದು ಪ್ರತ್ಯೇಕ ಚಿಪ್ ಆಗಿದ್ದು, ಅದನ್ನು ಎಬ್ಬಿಸುವ ಸೂಚನೆಗಳು ಆ ಮಾದರಿಗೆಂದು ತಯಾರಕರು ಕೊಟ್ಟ ಡ್ರೈವರ್‌ನಲ್ಲಿ ಮಾತ್ರ ಇರುತ್ತವೆ. ಸಾಮಾನ್ಯ ಡ್ರೈವರ್‌ಗೆ ಆ ಚಿಪ್ ಇರುವುದೇ ಗೊತ್ತಿರುವುದಿಲ್ಲ. ಮೇಷ್ಟ್ರ ಯಂತ್ರಕ್ಕೆ ತಯಾರಕರ ಜಾಲತಾಣದಿಂದ ಅದೇ ಮಾದರಿಯ ಆಡಿಯೋ ಡ್ರೈವರ್ ಇಳಿಸಿ ಹಾಕಿ, ರೀಸ್ಟಾರ್ಟ್ ಮಾಡಿದ ಮೇಲೆ ಎರಡೂ ಬದಿಯ ಸ್ಪೀಕರ್ ಮಾತಾಡಿದವು. ತಳದ ಸ್ಕ್ರೂ ಬಿಚ್ಚುವ ಅಗತ್ಯವೇ ಬರಲಿಲ್ಲ.

ಇಯರ್‌ಫೋನ್‌ನಲ್ಲೂ ಕೇಳದಿದ್ದರೆ ಧ್ವನಿಗೆ ಮೆರುಗು ಕೊಡುವ ತಂತ್ರಾಂಶದ ಮೇಲೆ ಅನುಮಾನ ಪಡಬೇಕು. ಸೌಂಡ್ ಪುಟದಲ್ಲಿ ಸ್ಪೀಕರ್ ಹೆಸರನ್ನು ಒತ್ತಿ, ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಎಂಬಲ್ಲಿ ಆಫ್ ಆರಿಸಿ. ಹಾಗೆ ಮಾಡಿದೊಡನೆ ಧ್ವನಿ ಬಂದರೆ ದೋಷ ಆ ಮೆರುಗಿನ ಘಟಕದಲ್ಲಿದೆ. ಇದು ಊಹೆಯ ಮಾತಲ್ಲ: ವಿಂಡೋಸ್ 11ರ 24ಎಚ್2 ಆವೃತ್ತಿಗೆ ಏರಿಸಿದ ಕೆಲವು ಯಂತ್ರಗಳಲ್ಲಿ ಡಿರಾಕ್ ಎಂಬ ಆಡಿಯೋ ತಂತ್ರಾಂಶದ ಒಂದು ಕಡತದಿಂದ ಒಳಗಿನ ಸ್ಪೀಕರ್, ಬ್ಲೂಟೂತ್ ಸ್ಪೀಕರ್, ಹೆಡ್‌ಸೆಟ್ ಎಲ್ಲವೂ ನಿಂತುಹೋದವು, ಮೈಕ್ರೋಸಾಫ್ಟ್ 2024ರ ಡಿಸೆಂಬರ್‌ನಲ್ಲಿ ಅಂಥ ಯಂತ್ರಗಳಿಗೆ ಆ ಅಪ್‌ಗ್ರೇಡ್ ಹೋಗದಂತೆ ತಡೆಹಿಡಿಯಿತು. ಅಲ್ಲಿ ಪರಿಹಾರವಾದದ್ದು ತಯಾರಕರ ಹೊಸ ಡ್ರೈವರ್.

ಸಾಧನವೇ ಕಾಣುತ್ತಿಲ್ಲ

ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಸೌಂಡ್ ವಿಭಾಗದ ಜೊತೆಗೆ ಅದರ್ ಡಿವೈಸಸ್ ಮತ್ತು ಸಿಸ್ಟಮ್ ಡಿವೈಸಸ್ ವಿಭಾಗಗಳನ್ನೂ ಬಿಚ್ಚಿ ನೋಡಬೇಕು; ಎಷ್ಟೋ ಮಂದಿ ಮೊದಲನೆಯದನ್ನು ಮಾತ್ರ ನೋಡಿ ಅಲ್ಲಿ ಏನೂ ಇಲ್ಲವೆಂದು ಬಿಟ್ಟುಬಿಡುತ್ತಾರೆ. ಹಳದಿ ತ್ರಿಕೋನ ಇರುವ ಸಾಲಿನ ಮೇಲೆ ಎರಡು ಸಲ ಒತ್ತಿದರೆ ಒಂದು ಕೋಡ್ ಸಂಖ್ಯೆ ಕಾಣುತ್ತದೆ. ಕೋಡ್ 28 ಎಂದರೆ ಡ್ರೈವರ್ ಹಾಕಿಯೇ ಇಲ್ಲ. ಕೋಡ್ 10 ಎಂದರೆ ಡ್ರೈವರ್ ಇದೆ, ಸಾಧನ ಚಾಲೂ ಆಗುತ್ತಿಲ್ಲ. ಕೋಡ್ 22 ಎಂದರೆ ಯಾರೋ ಡಿಸೇಬಲ್ ಮಾಡಿದ್ದಾರೆ, ಬಲ ಕ್ಲಿಕ್ ಮಾಡಿ ಎನೇಬಲ್ ಮಾಡಿದರೆ ಮುಗಿಯಿತು. ಕೋಡ್ 52 ಎಂದರೆ ಡ್ರೈವರ್‌ನ ಡಿಜಿಟಲ್ ಸಹಿಯನ್ನು ವಿಂಡೋಸ್ ಪರಿಶೀಲಿಸಲಾಗಲಿಲ್ಲ. ಎಲ್ಲಿಂದಲೋ ತಂದ ಡ್ರೈವರ್ ಹಾಕಿದ್ದಾಗ ಇದು ಬರುವುದುಂಟು.

ಅದರ್ ಡಿವೈಸಸ್ ಕೆಳಗೆ ಮಲ್ಟಿಮೀಡಿಯಾ ಆಡಿಯೋ ಕಂಟ್ರೋಲರ್ ಎಂದು ಹಳದಿ ಗುರುತಿನೊಂದಿಗೆ ಕಂಡರೆ ಗಮನವಿಟ್ಟು ನೋಡಿ. ಅದರ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಭಾಗಕ್ಕೆ ಹೋಗಿ ಹಾರ್ಡ್‌ವೇರ್ ಐಡೀಸ್ ಆರಿಸಿದರೆ ಒಂದು ಉದ್ದದ ಸಾಲು ಬರುತ್ತದೆ. ಅದರಲ್ಲಿ ವೆನ್ (VEN) ಎಂಬ ಮೂರಕ್ಷರದ ಮುಂದಿನ ನಾಲ್ಕು ಅಂಕೆ ಅಕ್ಷರಗಳು ತಯಾರಕರ ಗುರುತು: 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್, 14ಎಫ್1 ಇದ್ದರೆ ಕೊನೆಕ್ಸೆಂಟ್, 1002 ಇದ್ದರೆ ಎಎಂಡಿ, 10ಡಿಇ ಇದ್ದರೆ ಎನ್‌ವಿಡಿಯಾ. ಈ ಮಲ್ಟಿಮೀಡಿಯಾ ಆಡಿಯೋ ಕಂಟ್ರೋಲರ್‌ನ ಗುರುತು 8086 ಆಗಿದ್ದರೆ ಕಾಣೆಯಾಗಿರುವುದು ಇಂಟೆಲ್ ಸ್ಮಾರ್ಟ್ ಸೌಂಡ್ ಟೆಕ್ನಾಲಜಿ, ಅಂದರೆ ಎಸ್‌ಎಸ್‌ಟಿ ಡ್ರೈವರ್. ಇಂಥ ಯಂತ್ರಗಳಲ್ಲಿ ರಿಯಲ್‌ಟೆಕ್ ಕೋಡೆಕ್ ಈ ಕಂಟ್ರೋಲರ್‌ನ ಹಿಂದೆ ಕುಳಿತಿರುತ್ತದೆ. ಮುಂದಿನ ಬಾಗಿಲು ತೆರೆಯದಿದ್ದರೆ ಹಿಂದಿನ ಕೋಡೆಕ್ ವಿಂಡೋಸ್‌ಗೆ ಕಾಣುವುದೇ ಇಲ್ಲ. ಹಾಗಾಗಿ ರಿಯಲ್‌ಟೆಕ್ ಡ್ರೈವರ್ ಒಂದನ್ನೇ ಎಷ್ಟು ಸಲ ಹಾಕಿದರೂ ಫಲವಿಲ್ಲ. ಎಸ್‌ಎಸ್‌ಟಿ ಮೊದಲು, ರಿಯಲ್‌ಟೆಕ್ ಆಮೇಲೆ, ಎರಡರ ನಡುವೆ ಒಂದು ರೀಸ್ಟಾರ್ಟ್.

ಎಸ್‌ಎಸ್‌ಟಿ ವಿಷಯದಲ್ಲಿ ಇನ್ನೊಂದು ಮಾತು. ಇಂಟೆಲ್‌ನ 11ನೇ ತಲೆಮಾರಿನ ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಈ ಡ್ರೈವರ್‌ನ 10.29.0.5152 ಮತ್ತು 10.30.0.5152 ಆವೃತ್ತಿಗಳು ವಿಂಡೋಸ್ 11ರೊಂದಿಗೆ ಹೊಂದದೆ ಯಂತ್ರ ಹಠಾತ್ತನೆ ನಿಂತು ದೋಷ ತೋರಿಸುವ ನೀಲಿ ತೆರೆ ಬರುತ್ತಿತ್ತು. ಎರಡೂ ಸಾಲಿನಲ್ಲಿ ಕೊನೆಯ ಸಂಖ್ಯೆ 5714 ಅಥವಾ ಅದಕ್ಕಿಂತ ಮುಂದಿನದಾಗಿದ್ದರೆ ಆ ತೊಂದರೆ ಇಲ್ಲ. ಸಿಸ್ಟಮ್ ಡಿವೈಸಸ್‌ನಲ್ಲಿ ಇದರ ಪ್ರಾಪರ್ಟೀಸ್ ತೆರೆದು ಡ್ರೈವರ್ ಭಾಗದಲ್ಲಿ ಆವೃತ್ತಿಯನ್ನು ಓದಬಹುದು. ಹೋಲಿಸಬೇಕಾದ್ದು ಮೊದಲ 10.29 ಅಥವಾ 10.30 ಅಲ್ಲ, ಕೊನೆಯ ನಾಲ್ಕು ಅಂಕೆ.

ನಮ್ಮ ಜಿಲ್ಲೆಯಲ್ಲಿ ಡ್ರೈವರ್ ಇಲ್ಲದೆ ಉಳಿಯಲು ಒಂದು ಸಾಮಾನ್ಯ ಕಾರಣವನ್ನು ಬೇರೆಯಾಗಿಯೇ ಹೇಳಬೇಕು. ಪಾವಗಡ, ಶಿರಾ ಕಡೆಯ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಲ್ಲಿ ಹಲವರು ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಲ್ಯಾಪ್‌ಟಾಪ್ ನಡೆಸುತ್ತಾರೆ. ದಿನದ ಡೇಟಾ ಬೇಗ ಮುಗಿಯಬಾರದೆಂದು ಆ ವೈಫೈ ಸಂಪರ್ಕವನ್ನು ಮೀಟರ್ಡ್ ಕನೆಕ್ಷನ್ ಎಂದು ಗುರುತು ಮಾಡಿಟ್ಟಿರುತ್ತಾರೆ. ಅದು ಬುದ್ಧಿವಂತಿಕೆಯ ಕೆಲಸವೇ. ಆದರೆ ಮೀಟರ್ಡ್ ಎಂದಿರುವ ಸಂಪರ್ಕದಲ್ಲಿ ವಿಂಡೋಸ್ ತಾನಾಗಿ ಡ್ರೈವರ್ ಇಳಿಸಿಕೊಳ್ಳುವುದಿಲ್ಲ. ಅಪ್‌ಗ್ರೇಡ್ ಕಡತವನ್ನು ಕಾಲೇಜಿನ ವೈಫೈಯಲ್ಲೋ ಪೆನ್‌ಡ್ರೈವ್‌ನಲ್ಲೋ ತಂದು ಹಾಕಿಕೊಂಡಿರುತ್ತಾರೆ, ಮನೆಗೆ ಹೋದ ಮೇಲೆ ಡ್ರೈವರ್ ಬರುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಆ್ಯಂಡ್ ಡಿವೈಸಸ್, ಅದರೊಳಗೆ ಡಿವೈಸಸ್ ಪುಟದ ಕೆಳಗೆ ಡೌನ್‌ಲೋಡ್ ಓವರ್ ಮೀಟರ್ಡ್ ಕನೆಕ್ಷನ್ಸ್ ಎಂಬ ಗುಂಡಿಯಿದೆ. ಅದನ್ನು ತಾತ್ಕಾಲಿಕವಾಗಿ ಆನ್ ಮಾಡಿ. ಬಳಿಕ ವಿಂಡೋಸ್ ಅಪ್‌ಡೇಟ್‌ನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಆಪ್ಷನಲ್ ಅಪ್‌ಡೇಟ್ಸ್ ತೆರೆದು ಡ್ರೈವರ್ ಅಪ್‌ಡೇಟ್ಸ್‌ನಲ್ಲಿ ಆಡಿಯೋಗೆ ಸಂಬಂಧಿಸಿದ್ದನ್ನು ಮಾತ್ರ ಗುರುತು ಮಾಡಿ ಇಳಿಸಿಕೊಳ್ಳಿ. ತಯಾರಕರ ಆಡಿಯೋ ಪ್ಯಾಕೇಜ್ ನೂರಾರು ಎಂಬಿ ಇರುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಂಡು, ಸಾಧ್ಯವಾದರೆ ಈ ಒಂದು ಕೆಲಸವನ್ನು ಬೇರೆ ವೈಫೈಯಲ್ಲಿ ಮುಗಿಸಿ.

ಡ್ರೈವರ್ ಹಾಕುವ ಕ್ರಮ

ವಿಂಡೋಸ್ ಅಪ್‌ಡೇಟ್‌ನಲ್ಲಿ ಸಿಗದ ಡ್ರೈವರ್ ತರಬೇಕಾದ ಜಾಗ ಒಂದೇ: ಲ್ಯಾಪ್‌ಟಾಪ್ ತಯಾರಕರ ಸಪೋರ್ಟ್ ಪುಟ. ತಳಭಾಗದ ಚೀಟಿಯಲ್ಲಿರುವ ಸೀರಿಯಲ್ ಸಂಖ್ಯೆಯನ್ನು ಅಲ್ಲಿ ಕೊಟ್ಟರೆ ನಿಮ್ಮ ಯಂತ್ರಕ್ಕೆ ಹೊಂದುವ ಪಟ್ಟಿ ಬರುತ್ತದೆ. ಚೀಟಿ ಸವೆದಿದ್ದರೆ ಅದೇ ಸಂಖ್ಯೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯಬಹುದಾದ, ಯಂತ್ರದ ಮೂಲ ಸೆಟ್ಟಿಂಗ್‌ಗಳ ಪುಟದಲ್ಲಿ) ಸಿಗುತ್ತದೆ. ಎಲ್ಲ ಯಂತ್ರಕ್ಕೂ ಎಲ್ಲ ಡ್ರೈವರ್ ಕೊಡುತ್ತೇವೆ ಎನ್ನುವ ಪ್ಯಾಕ್ ತಂತ್ರಾಂಶಗಳನ್ನು ದಯವಿಟ್ಟು ಬಳಸಬೇಡಿ. ಕಾರಣ ಹೀಗಿದೆ. ಈಗಿನ ರಿಯಲ್‌ಟೆಕ್ ಡ್ರೈವರ್ ಒಂದೇ ತುಂಡಲ್ಲ. ಮೂಲ ಡ್ರೈವರ್ ಒಂದು, ಯಾವ ತಂತಿ ಸ್ಪೀಕರ್‌ಗೆ ಯಾವುದು ಮೈಕ್‌ಗೆ ಎಂದು ಆ ಮಾದರಿಗೆ ತಕ್ಕಂತೆ ತಿಳಿಸುವ ವಿಸ್ತರಣೆ ಇನ್ನೊಂದು, ಧ್ವನಿಯ ಮೆರುಗನ್ನು ನೋಡಿಕೊಳ್ಳುವ ಘಟಕ ಮತ್ತೊಂದು, ಅದನ್ನು ನಿಯಂತ್ರಿಸಲು ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬರುವ ಆ್ಯಪ್ ಬೇರೆ. ಇವೆಲ್ಲ ಒಂದಕ್ಕೊಂದು ಹೊಂದಬೇಕು. ಪ್ಯಾಕ್ ತಂತ್ರಾಂಶ ಮೂಲ ಡ್ರೈವರನ್ನು ಮಾತ್ರ ಹೊಸದು ಮಾಡಿ ಉಳಿದದ್ದನ್ನು ಹಳೆಯದಾಗಿಯೇ ಬಿಟ್ಟರೆ, ಡಿವೈಸ್ ಮ್ಯಾನೇಜರ್‌ನಲ್ಲಿ ಎಲ್ಲವೂ ಸರಿಯಾಗಿ ಕಂಡು ಧ್ವನಿ ಮಾತ್ರ ಬಾರದ, ಹುಡುಕಲು ಬಹಳ ಕಷ್ಟವಾದ ಸ್ಥಿತಿ ಉಂಟಾಗುತ್ತದೆ.

ಹೊಸದನ್ನು ಹಾಕುವ ಮೊದಲು ಹಳೆಯದನ್ನು ತೆಗೆಯಬೇಕು. ಸೌಂಡ್ ವಿಭಾಗದಲ್ಲಿ ರಿಯಲ್‌ಟೆಕ್ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಡಿವೈಸ್ ಒತ್ತಿದಾಗ, ಡ್ರೈವರನ್ನೂ ತೆಗೆಯಲು ಪ್ರಯತ್ನಿಸಬೇಕೇ ಎಂದು ಕೇಳುವ ಚೌಕವೊಂದು ಕಾಣುತ್ತದೆ. ಅದಕ್ಕೆ ಗುರುತು ಹಾಕಲೇಬೇಕು; ಇಲ್ಲದಿದ್ದರೆ ರೀಸ್ಟಾರ್ಟ್ ಆದೊಡನೆ ವಿಂಡೋಸ್ ಅದೇ ಹಳೆಯ ಡ್ರೈವರನ್ನು ತನ್ನ ಉಗ್ರಾಣದಿಂದ ಮತ್ತೆ ತಂದು ಕೂರಿಸುತ್ತದೆ. ತೆಗೆದ ಮೇಲೆ ರೀಸ್ಟಾರ್ಟ್ ಮಾಡಿ, ತಯಾರಕರ ಪ್ಯಾಕೇಜ್ ಹಾಕಿ, ಮತ್ತೆ ರೀಸ್ಟಾರ್ಟ್ ಮಾಡಿ.

ಹಳೆಯ ಮಾದರಿಗಳಿಗೆ ತಯಾರಕರ ಪುಟದಲ್ಲಿ ವಿಂಡೋಸ್ 11ರ ಡ್ರೈವರ್ ಇಲ್ಲದಿರಬಹುದು. ಆಗ ವಿಂಡೋಸ್ 10ರ 64 ಬಿಟ್ ಡ್ರೈವರ್ ಹಾಕಿ ನೋಡಿ, ಬಹುಮಟ್ಟಿಗೆ ಕೆಲಸ ಮಾಡುತ್ತದೆ. 32 ಬಿಟ್‌ನದು ಆಗದು, ಏಕೆಂದರೆ ವಿಂಡೋಸ್ 11 ಇರುವುದೇ 64 ಬಿಟ್‌ನಲ್ಲಿ. ತಯಾರಕರ ಡ್ರೈವರ್ ಯಾವುದೂ ಹೊಂದದಿದ್ದರೆ, ಅಪ್‌ಡೇಟ್ ಡ್ರೈವರ್ ಒತ್ತಿ, ಬ್ರೌಸ್ ಮೈ ಕಂಪ್ಯೂಟರ್, ಅದರ ಮುಂದೆ ಲೆಟ್ ಮಿ ಪಿಕ್ ಎಂದು ಶುರುವಾಗುವ ಸಾಲು ಆರಿಸಿ, ಹೈ ಡೆಫಿನಿಷನ್ ಆಡಿಯೋ ಡಿವೈಸ್ ಎಂಬ ಸಾಮಾನ್ಯ ಡ್ರೈವರ್ ಹಾಕಬಹುದು. ಎಸ್‌ಎಸ್‌ಟಿ ಇರುವ ಯಂತ್ರಗಳಲ್ಲಿ ಈ ಹೆಸರು ಪಟ್ಟಿಯಲ್ಲಿ ಕಾಣದೇ ಇರಬಹುದು. ಮೇಷ್ಟ್ರ ಯಂತ್ರದಲ್ಲಿ ತೊಂದರೆ ಕೊಟ್ಟದ್ದು ಇದೇ ಡ್ರೈವರ್ ಆದರೂ, ಪ್ರತ್ಯೇಕ ಆಂಪ್ಲಿಫೈಯರ್ ಚಿಪ್ ಇಲ್ಲದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇದು ವರ್ಷಗಟ್ಟಲೆ ಸರಿಯಾಗಿ ನಡೆಯುತ್ತದೆ.

ತೆರೆ ನೋಡಲಾಗದವರಿಗೆ

ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನ ಧ್ವನಿಯಿಂದಲೇ ಕಂಪ್ಯೂಟರ್ ನಡೆಸುತ್ತಾರೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಇ-ಸ್ಪೀಕ್ ಎನ್‌ಜಿಯ ಮೂಲಕ ಕನ್ನಡವನ್ನೂ ಓದುತ್ತದೆ. ಅಂಥವರಿಗೆ ಧ್ವನಿ ನಿಂತಿತೆಂದರೆ ಇಡೀ ಯಂತ್ರವೇ ನಿಂತಂತೆ; ಮೇಲೆ ಹೇಳಿದ ಯಾವ ಪುಟವನ್ನೂ ಅವರು ತೆರೆಯಲಾಗುವುದಿಲ್ಲ. ಅವರ ಯಂತ್ರವನ್ನು ಏರಿಸುವ ಮೊದಲೇ ಒಂದು ಯುಎಸ್‌ಬಿ ಹೆಡ್‌ಸೆಟ್ ಪಕ್ಕದಲ್ಲಿರಲಿ. ಯುಎಸ್‌ಬಿ ಹೆಡ್‌ಸೆಟ್‌ನೊಳಗೆ ಅದರದೇ ಪುಟ್ಟ ಧ್ವನಿ ಚಿಪ್ ಇರುತ್ತದೆ. ಅದನ್ನು ನಡೆಸುವ ಡ್ರೈವರ್ ವಿಂಡೋಸ್‌ನಲ್ಲೇ ಸೇರಿರುವುದರಿಂದ, ಒಳಗಿನ ರಿಯಲ್‌ಟೆಕ್, ಎಸ್‌ಎಸ್‌ಟಿ ಎಲ್ಲವೂ ಸತ್ತು ಬಿದ್ದಿದ್ದರೂ ಹೆಡ್‌ಸೆಟ್ ಚುಚ್ಚಿದರೆ ಸಾಮಾನ್ಯವಾಗಿ ಧ್ವನಿ ಬರುತ್ತದೆ. ಚುಚ್ಚಿದ ಮೇಲೆ ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಈ ಮೂರನ್ನೂ ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ನರೇಟರ್ ಮಾತಾಡಲು ಶುರುಮಾಡುತ್ತದೆ. ಅಲ್ಲಿಂದ ಮುಂದಿನ ಪರೀಕ್ಷೆಗಳನ್ನು ಅವರೇ ಮಾಡಿಕೊಳ್ಳಬಹುದು, ಯಾರನ್ನೂ ಕಾಯಬೇಕಿಲ್ಲ.

ಕಣ್ಣು ಕಾಣುವವರಿಗೂ ಇದು ಒಳ್ಳೆಯ ಪರೀಕ್ಷೆ. ಯುಎಸ್‌ಬಿ ಹೆಡ್‌ಸೆಟ್‌ನಲ್ಲಿ ಧ್ವನಿ ಬಂದರೆ ಆ್ಯಪ್, ಸರ್ವಿಸ್ ಎರಡೂ ಸರಿಯಾಗಿವೆ, ದೋಷ ಒಳಗಿನ ಕಂಟ್ರೋಲರ್‌ನಿಂದ ಸ್ಪೀಕರ್‌ವರೆಗಿನ ಭಾಗದಲ್ಲಿದೆ ಎಂದು ಅರ್ಧ ಕೆಲಸ ಮುಗಿಯುತ್ತದೆ. 2025ರ ಜನವರಿಯ ಸುರಕ್ಷತಾ ಅಪ್‌ಡೇಟ್ ಬಂದಾಗ ಹಳೆಯ ಯುಎಸ್‌ಬಿ 1.0 ಆಡಿಯೋ ಡ್ರೈವರ್ ಬಳಸುವ ಕೆಲವು ಬಾಹ್ಯ ಸಾಧನಗಳು ಕೋಡ್ 10 ತೋರಿಸಿ ನಿಂತಿದ್ದವು. ಆ ಬಳಿಕದ ಅಪ್‌ಡೇಟ್‌ಗಳಲ್ಲಿ ಅದು ಸರಿಹೋಗಿದೆ.

ಹಿಂದಕ್ಕೆ ಹೋಗುವುದು

ಅಪ್‌ಗ್ರೇಡ್ ಆಗಿ 10 ದಿನ ಕಳೆದಿಲ್ಲವಾದರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಪುಟದಲ್ಲಿ ಗೋ ಬ್ಯಾಕ್ ಎಂಬುದು ಸಿಗುತ್ತದೆ. ಅದು ಹಳೆಯ ವಿಂಡೋಸ್ 10ನ್ನು ಅದರ ಡ್ರೈವರ್‌ಗಳೊಂದಿಗೆ ಮರಳಿಸುತ್ತದೆ, ನಿಮ್ಮ ಸ್ವಂತ ಕಡತಗಳು ಉಳಿಯುತ್ತವೆ, ಅಪ್‌ಗ್ರೇಡ್ ಆದ ಮೇಲೆ ಹಾಕಿದ ಆ್ಯಪ್‌ಗಳು ಹೋಗುತ್ತವೆ. 10 ದಿನ ಮುಗಿದ ಮೇಲೆ ಹಳೆಯ ವಿಂಡೋಸ್ ಅನ್ನು ಇಟ್ಟಿರುವ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರನ್ನು ವ್ಯವಸ್ಥೆಯೇ ಅಳಿಸುವುದರಿಂದ ಈ ದಾರಿ ಮುಚ್ಚಿಹೋಗುತ್ತದೆ. ಸಿ ಡ್ರೈವ್ ತುಂಬಿದೆಯೆಂದು ಆ ಫೋಲ್ಡರನ್ನು ಅವಧಿಗೆ ಮೊದಲೇ ಅಳಿಸಬೇಡಿ. ವಿಂಡೋಸ್ 10ಕ್ಕೆ ಮರಳಿದವರು ವಿಸ್ತರಿತ ಸುರಕ್ಷತಾ ಅಪ್‌ಡೇಟ್ ಯೋಜನೆಗೆ ಸೇರಿಕೊಂಡರೆ 2026ರ ಅಕ್ಟೋಬರ್ 13ರ ತನಕ ಸುರಕ್ಷತಾ ಅಪ್‌ಡೇಟ್‌ಗಳು ಬರುತ್ತವೆ. ತಯಾರಕರ ಹೊಸ ಡ್ರೈವರ್ ಬರುವ ತನಕ ಕಾಯಲು ಇದು ಅವಕಾಶ ಕೊಡುತ್ತದೆ.

ಯಂತ್ರದ್ದೇ ದೋಷವೇ ಎಂದು ತಿಳಿಯುವುದು

ಇಷ್ಟಾದರೂ ಧ್ವನಿ ಬಾರದಿದ್ದರೆ ವಿಂಡೋಸ್ ಅನ್ನೇ ಪಕ್ಕಕ್ಕಿಟ್ಟು ನೋಡಬೇಕು. ಡೆಲ್ ಯಂತ್ರಗಳಲ್ಲಿ ಆನ್ ಮಾಡಿದೊಡನೆ ಎಫ್12, ಎಚ್‌ಪಿ ಯಂತ್ರಗಳಲ್ಲಿ ಎಫ್2 ಒತ್ತಿದರೆ ತಯಾರಕರ ಪರೀಕ್ಷಾ ಮೆನು ಸಿಗುತ್ತದೆ. ಅದರಲ್ಲಿ ಆಡಿಯೋ ಪರೀಕ್ಷೆ ಇದ್ದರೆ ಓಡಿಸಿ. ಬಯೋಸ್‌ನಲ್ಲಿ ಆಡಿಯೋ ಕಂಟ್ರೋಲರ್ ಎನೇಬಲ್ ಆಗಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ. ಎಲ್ಲ ತಯಾರಕರ ಯಂತ್ರಕ್ಕೂ ನಡೆಯುವ ಇನ್ನೊಂದು ಪರೀಕ್ಷೆ ಎಂದರೆ ಉಬುಂಟು (ಲಿನಕ್ಸ್‌ನ ಒಂದು ಉಚಿತ ಬಗೆ) ಹಾಕಿದ ಲೈವ್ ಪೆನ್‌ಡ್ರೈವ್. ಅದರಿಂದ ಬೂಟ್ ಮಾಡಿ ಟ್ರೈ ಎಂಬ ಆಯ್ಕೆ ಒತ್ತಿದರೆ ಡಿಸ್ಕ್ ಅನ್ನು ಮುಟ್ಟದೆ ಬೇರೊಂದು ಕಾರ್ಯಾಚರಣಾ ವ್ಯವಸ್ಥೆ ಓಡುತ್ತದೆ. ಇನ್‌ಸ್ಟಾಲ್ ಆಯ್ಕೆಯನ್ನು ಮಾತ್ರ ಒತ್ತಬಾರದು. ಅಲ್ಲಿ ಸ್ಪೀಕರ್ ಸದ್ದು ಮಾಡಿದರೆ ಯಂತ್ರಾಂಶ ಗಟ್ಟಿಯಾಗಿದೆ ಎಂಬುದು ಖಚಿತ, ವಿಂಡೋಸ್‌ನ ಡ್ರೈವರ್ ಕಡೆಗೇ ಮರಳಬೇಕು. ಅಲ್ಲಿಯೂ ಮೌನವಾದರೆ ಅಷ್ಟರಿಂದಲೇ ಸ್ಪೀಕರ್ ಕೆಟ್ಟಿದೆ ಎನ್ನಲಾಗದು, ಏಕೆಂದರೆ ನಾನು ಹೇಳಿದ ಆಂಪ್ಲಿಫೈಯರ್ ಚಿಪ್‌ಗಳಲ್ಲಿ ಕೆಲವು ಲಿನಕ್ಸ್‌ನಲ್ಲೂ ಏಳುವುದಿಲ್ಲ. ಇಯರ್‌ಫೋನ್ ಹಾಕಿ ಮತ್ತೊಮ್ಮೆ ಕೇಳಬೇಕು. ಲಿನಕ್ಸ್‌ನಲ್ಲಿ ಇಯರ್‌ಫೋನೂ ಕೇಳದೆ, ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಡಮ್ಮಿ ಔಟ್‌ಪುಟ್ ಎಂದಷ್ಟೇ ಕಂಡರೆ, ಆಗ ಯಂತ್ರ ಬಿಚ್ಚಿ ಕೋಡೆಕ್ ಇರುವ ಭಾಗವನ್ನು ನೋಡಿಸುವ ಮಾತಾಡಬಹುದು.

ಅಂಗಡಿಗೆ ತರುವುದೇ ಆದರೆ ಲ್ಯಾಪ್‌ಟಾಪ್ ಜೊತೆ ಒಂದು ಚೀಟಿಯಲ್ಲಿ ಇವಿಷ್ಟನ್ನು ಬರೆದು ತನ್ನಿ: ಯಾವ ದಿನ ಏರಿಸಿದಿರಿ, ಹಸಿರು ಪಟ್ಟಿ ಏಳುತ್ತಿದೆಯೇ, ಇಯರ್‌ಫೋನ್‌ನಲ್ಲೂ ಯುಎಸ್‌ಬಿ ಹೆಡ್‌ಸೆಟ್‌ನಲ್ಲೂ ಏನಾಗುತ್ತದೆ, ಹಳದಿ ಗುರುತು ಇದ್ದರೆ ಅದರ ಹೆಸರು ಮತ್ತು ಕೋಡ್, ಹಾರ್ಡ್‌ವೇರ್ ಐಡಿಯ ಮೊದಲ ಸಾಲು. ಫಾರ್ಮ್ಯಾಟ್ ಮಾಡಬಾರದು ಎಂಬುದನ್ನೂ ಅದರಲ್ಲೇ ಬರೆದು, ಯಂತ್ರ ಕೊಡುವಾಗ ಬಾಯಲ್ಲೂ ಹೇಳಿ.